ಪ್ರಾಣಿ ಪ್ರಶ್ನೋತ್ತರ: ಗುಂಡ ಹಗಲಿನಲ್ಲಿ ಏಳುವುದಿಲ್ಲ

ಈ ಅಂಕಣಕ್ಕೆ ಹೆಚ್ಚಾಗಿ ಬರುವುದು ಹಸು, ನಾಯಿ, ಅಪರೂಪಕ್ಕೊಮ್ಮೆ ಗಿಳಿಯ ಪತ್ರ. ಈ ಬಾರಿಯ ಕಟ್ಟಿನಲ್ಲಿ ನಾಲ್ಕು ಪತ್ರಗಳು ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪುಟ್ಟ ಸಾಕುಪ್ರಾಣಿಯ ಬಗ್ಗೆಯೇ ಇದ್ದವು. ಹಾಗಾಗಿ ಉಳಿದವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ. ಕೆಚ್ಚಲುಬಾವಿನ ಬಗ್ಗೆ ಬರೆದಿರುವ ತಿಪಟೂರಿನವರು ಮಾತ್ರ ಕಾಯುವುದು ಬೇಡ, ಹಸುವಿಗೆ ಇವತ್ತೇ ವೈದ್ಯರನ್ನು ಕರೆಸಿ.

ಪ್ರಶ್ನೆ: ಡಾಕ್ಟರೇ, ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದವರು ಪುಣೆಗೆ ವರ್ಗವಾಗಿ ಹೋಗುವಾಗ ತಮ್ಮ ಡ್ವಾರ್ಫ್ (ಕುಬ್ಜ) ಹ್ಯಾಮ್‌ಸ್ಟರನ್ನು ಮೂರನೇ ತರಗತಿ ಓದುವ ನಮ್ಮ ಮಗಳ ಕೈಗಿತ್ತು ಹೋದರು. ಬೂದು ಮೈ, ಬೆನ್ನ ಮೇಲೆ ಕಪ್ಪು ಗೆರೆ, ನಿಂಬೆಹಣ್ಣಿಗಿಂತ ತುಸು ದೊಡ್ಡದು. ಮಗಳು ಗುಂಡ ಎಂದು ಹೆಸರಿಟ್ಟಿದ್ದಾಳೆ. ಬಂದು ಹತ್ತು ದಿನವಾಯಿತು. ಹಗಲೆಲ್ಲ ಹತ್ತಿಯೊಳಗೆ ಮಲಗಿರುತ್ತಾನೆ, ಎಬ್ಬಿಸಿದರೆ ಕಚ್ಚುತ್ತಾನೆ. ರಾತ್ರಿ ಪಂಜರದ ಸರಳು ಕಡಿಯುವ ಸದ್ದಿಗೆ ನಮಗೆ ನಿದ್ದೆಯಿಲ್ಲ. ಒಂಟಿಯಾಗಿ ಬೇಸರ ಬಂದಿರಬೇಕು, ಜೋಡಿ ತನ್ನಿ ಎನ್ನುತ್ತಾರೆ ಪಕ್ಕದ ಮನೆಯವರು. ಇಲಿಗೆ ಬೋನು ಇಡುವ ಮನೆಯಲ್ಲಿ ಇಲಿಗೇ ತೊಟ್ಟಿಲು ಕಟ್ಟಿದ್ದೀರಿ ಎಂದು ನಮ್ಮ ಅತ್ತೆ ನಗುತ್ತಾರೆ. ಇಲ್ಲಿ ಈಗಲೇ 38 ಡಿಗ್ರಿ ಬಿಸಿಲು. ಏನು ಮಾಡಬೇಕು?
– ಓದುಗರು, ದಾವಣಗೆರೆ

ಉತ್ತರ: ನೀವು ಹೇಳಿಕೊಂಡಿರುವುದರಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು ಕೊನೆಗೆ ಬರೆದ ಆ 38. ಮಿಕ್ಕಿದ್ದೆಲ್ಲ ನಿಧಾನವಾಗಿ ಸರಿಹೋಗುವಂಥದ್ದು. ಬೆನ್ನ ಮೇಲೆ ಗೆರೆಯಿದೆ ಎಂದರೆ ನಿಮ್ಮ ಗುಂಡ ಕ್ಯಾಂಪ್‌ಬೆಲ್ ಜಾತಿಯವನೋ, ಸೈಬೀರಿಯಾದ ‘ವಿಂಟರ್ ವೈಟ್’ ಜಾತಿಯವನೋ, ಎರಡರ ಮಿಶ್ರತಳಿಯೋ ಆಗಿರುತ್ತಾನೆ. ಇನ್ನೊಂದು ಕುಬ್ಜ ಜಾತಿಯಾದ ರೊಬೊರೊವ್‌ಸ್ಕಿಗೆ ಬೆನ್ನಗೆರೆ ಇರುವುದಿಲ್ಲ, ಕಣ್ಣ ಮೇಲೆ ಬಿಳಿ ಹುಬ್ಬಿನಂಥ ಮಚ್ಚೆ ಇರುತ್ತದೆ. ಇವುಗಳ ಮೂಲ ಮಂಗೋಲಿಯಾ, ಕಜಕಸ್ತಾನ, ಸೈಬೀರಿಯಾ ಕಡೆಯ ಬಯಲು. ಅಲ್ಲಿ ಬಿಸಿಲೇರಿದರೆ ಬಿಲಕ್ಕೆ ಇಳಿದು ತಣ್ಣನೆಯ ಮಣ್ಣಿಗೆ ಹೊಟ್ಟೆ ಒತ್ತಿಕೊಂಡು ಮಲಗುತ್ತವೆ. ನಮ್ಮ ಹಾಗೆ ಬೆವರುವ ಮೈ ಅವಕ್ಕಿಲ್ಲ. ಹಾಗಾಗಿ ಫ್ಯಾನ್ ಹಾಕಿದ್ದೇವೆ ಎಂದು ಸಮಾಧಾನ ಪಡಬೇಡಿ. ಬೆವರದ ಮೈಗೆ ಫ್ಯಾನ್ ಗಾಳಿ ಬಿಸಿಗಾಳಿಯೇ. 20ರಿಂದ 24 ಡಿಗ್ರಿ ಅವಕ್ಕೆ ಹಿತ, 30 ದಾಟಿದರೆ ಅಪಾಯ.

ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆಗೆ ಪಂಜರವನ್ನು ಇವತ್ತೇ ಸಾಗಿಸಿ. ಮಹಡಿಗಿಂತ ಕೆಳಮನೆ ಒಳ್ಳೆಯದು, ಪಶ್ಚಿಮದ ಗೋಡೆಗಿಂತ ಉತ್ತರದ್ದು ಒಳ್ಳೆಯದು. ಕಡಪಾ ಕಲ್ಲಿನದೋ ಶಹಾಬಾದ್ ಕಲ್ಲಿನದೋ ಒಂದು ತುಂಡು ಪಂಜರದೊಳಗೆ ಇರಲಿ. ಪುಟ್ಟ ಮಣ್ಣಿನ ಕುಡಿಕೆಯೊಂದನ್ನು ಅಡ್ಡ ಮಲಗಿಸಿಟ್ಟರೆ ಅವನೇ ಹೋಗಿ ಅದರೊಳಗೆ ಸೇರಿಕೊಳ್ಳುತ್ತಾನೆ. ಮಧ್ಯಾಹ್ನದ ಹೊತ್ತು ಮಂಜುಗಟ್ಟಿಸಿದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಂಜರದ ಹೊರಬದಿಗೆ ಒರಗಿಸಿಡಿ. ಒಳಗಿಟ್ಟರೆ ಬಟ್ಟೆಯನ್ನು ಕಡಿದುಹಾಕುತ್ತಾನೆ. ಮೈಚೆಲ್ಲಿ ಮಲಗಿ ವೇಗವಾಗಿ ಉಸಿರಾಡುತ್ತಿದ್ದರೆ, ಗಲ್ಲ ಜೊಲ್ಲಿನಿಂದ ಒದ್ದೆಯಾಗಿದ್ದರೆ ಬಿಸಿಲು ಬಡಿದಿದೆ ಎಂದೇ ತಿಳಿಯಿರಿ. ತಣ್ಣೀರಿನಲ್ಲಿ ಅದ್ದಬೇಡಿ. ತಂಪುಕಲ್ಲಿನ ಮೇಲೆ ಮಲಗಿಸಿ, ಕಿವಿ ಮತ್ತು ಪಾದಗಳನ್ನು ಒದ್ದೆಬಟ್ಟೆಯಿಂದ ಒರೆಸುತ್ತ ವೈದ್ಯರಲ್ಲಿಗೆ ಹೊರಡಿ.

ಇನ್ನು ಹಗಲುನಿದ್ದೆ. ಅದು ಕಾಯಿಲೆಯಲ್ಲ, ಅವನ ದಿನಚರಿ. ಸೂರ್ಯ ಮುಳುಗಿದ ಮೇಲೆ ಅವನಿಗೆ ಬೆಳಗಾಗುತ್ತದೆ. ನಡುರಾತ್ರಿ ಎರಡು ಗಂಟೆಗೆ ಯಾರೋ ಬಂದು ನಿಮ್ಮ ಹೊದಿಕೆ ಎಳೆದು, ಅಂಗೈಯಲ್ಲಿ ಎತ್ತಿ, ‘ಎಷ್ಟು ಮುದ್ದಾಗಿದ್ದೀಯ’ ಎಂದರೆ ನೀವಾದರೂ ಏನು ಮಾಡುತ್ತೀರಿ? ಗುಂಡ ಕಚ್ಚಿದ್ದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ.

ಮಗಳಿಗೆ ಹೀಗೆ ಹೇಳಿ: ಇನ್ನೊಂದು ವಾರ ಗುಂಡನನ್ನು ಎತ್ತುವಂತಿಲ್ಲ. ರಾತ್ರಿ ಎಂಟರ ಮೇಲೆ, ಅವನಾಗಿಯೇ ಎದ್ದು ಮೂಗು ಆಡಿಸುವಾಗ, ಪಂಜರದ ಪಕ್ಕ ಕುಳಿತು ಮೆಲ್ಲಗೆ ಮಾತನಾಡಬಹುದು. ಪಾಠ ಓದಿದರೂ ಆದೀತು. ಆಮೇಲೆ ಕೈಯನ್ನು ಒಳಗೆ ನೆಲಕ್ಕೆ ತಾಗಿಸಿ ಸುಮ್ಮನೆ ಇಡಲಿ, ಅಂಗೈ ಮೇಲೆ ಒಂದೇ ಒಂದು ಸೂರ್ಯಕಾಂತಿ ಬೀಜ. ಬಂದರೆ ಬಂದ, ಇಲ್ಲವಾದರೆ ನಾಳೆ. ಕೈ ತೊಳೆದಿರಬೇಕು. ಕಣ್ಣು ಮಂದ, ಮೂಗು ಚುರುಕು ಇರುವ ಪ್ರಾಣಿ ಇದು. ಬೆಣ್ಣೆದೋಸೆ ತಿಂದ ಬೆರಳು ಅವನ ಪಾಲಿಗೆ ಬೆರಳಲ್ಲ, ದೋಸೆ. ಮೇಲಿನಿಂದ ಕೈ ಇಳಿಸಿ ಹಿಡಿಯುವುದಂತೂ ಕೂಡದು. ಬಯಲಿನಲ್ಲಿ ಮೇಲಿನಿಂದ ಬರುತ್ತಿದ್ದುದು ಹದ್ದು ಮಾತ್ರ. ಎತ್ತುವಾಗ ಎರಡೂ ಕೈ ಬೊಗಸೆ ಮಾಡಿ, ನೆಲದ ಮೇಲೆ ಕುಳಿತೇ ಎತ್ತಬೇಕು. ಮಂಚದಿಂದ ಬಿದ್ದರೂ ಅದಕ್ಕೆ ಎಲುಬು ಮುರಿಯುವಷ್ಟು ಎತ್ತರ.

ಸರಳು ಕಡಿಯುವುದಕ್ಕೆ ಒಂಟಿತನ ಕಾರಣವಲ್ಲ, ಇಕ್ಕಟ್ಟು ಕಾರಣ. ನಿಮ್ಮ ಪಂಜರದ ಅಳತೆಯನ್ನು ನೀವು ಬರೆದಿಲ್ಲ. ಬಣ್ಣದ ಕೊಳವೆಗಳಿರುವ, ಕೈಯಲ್ಲಿ ತೂಗಿಕೊಂಡು ಒಯ್ಯಬಹುದಾದ ತಂತಿಪೆಟ್ಟಿಗೆ ಎಂದೇ ನನ್ನ ಊಹೆ. ಈ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದು ನಿವೃತ್ತಿಯಾದ ಮೇಲೆ. ಸ್ಟಟ್‌ಗಾರ್ಟ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗಳು ಹ್ಯಾಮ್‌ಸ್ಟರ್ ಬೇಕೆಂದು ಹಟ ಹಿಡಿದಳು. ಅಲ್ಲಿನ ಪ್ರಾಣಿ ಆಶ್ರಯತಾಣಕ್ಕೆ ಕರೆದುಕೊಂಡು ಹೋದೆವು. ನಾನು ಮೂವತ್ತೊಂದು ವರ್ಷ ಸರ್ಕಾರಿ ಪಶುವೈದ್ಯನಾಗಿದ್ದವನು ಎಂದು ಮಗಳು ಹೆಮ್ಮೆಯಿಂದ ಹೇಳಿದಳು. ಮೇಜಿನ ಹಿಂದಿದ್ದ ಹೆಂಗಸು ಅದಕ್ಕೆ ತಲೆಯಾಡಿಸಿ, ‘ಗೂಡಿನ ಫೋಟೊ ಎಲ್ಲಿ?’ ಎಂದು ಕೇಳಿದಳು. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಗೂಡು ತಯಾರಾದ ಮೇಲೆ ಬನ್ನಿ ಎಂದು ಬರಿಗೈಯಲ್ಲಿ ಕಳುಹಿಸಿದಳು. ಮೂವತ್ತು ಗ್ರಾಂ ಪ್ರಾಣಿಗೆ ಒಂದು ಮೀಟರೇ ಎಂದು ದಾರಿಯುದ್ದಕ್ಕೂ ಗೊಣಗಿದೆ. ಗೂಡು ಮಾಡಿ, ತಂದು, ರಾತ್ರಿ ಅದು ಓಡುವುದನ್ನು ಕಂಡ ಮೇಲೆ ಗೊಣಗಲಿಲ್ಲ. ಚಕ್ರದ ಮೇಲೆ ಒಂದೇ ರಾತ್ರಿಯಲ್ಲಿ ಹಲವು ಕಿಲೋಮೀಟರ್ ಓಡುವ ಪ್ರಾಣಿ ಅದು.

ದುಡ್ಡು ಸುರಿಯಬೇಕಾಗಿಲ್ಲ. ಕಂಬಳಿ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯ ಮುಚ್ಚಳವನ್ನೂ ಒಂದು ಬದಿಯನ್ನೂ ಕತ್ತರಿಸಿ ಸಣ್ಣ ಕಣ್ಣಿನ ತಂತಿಜಾಲರಿ ಬಿಗಿದರೆ ಗಾಳಿಯಾಡುವ ಮನೆ ಸಿದ್ಧ. ನಿಮ್ಮ ಊರಿನ ಸೆಕೆಗೆ ಗಾಜಿನ ಮೀನುತೊಟ್ಟಿ ನನಗೆ ಅಷ್ಟು ಒಪ್ಪಿಗೆಯಿಲ್ಲ. ಜಾಲರಿಯ ಕಣ್ಣಲ್ಲಿ ಪೆನ್ಸಿಲ್ ತೂರಬಾರದು. ಪೆನ್ಸಿಲ್ ತೂರಿದ ಕಡೆ ಇವನ ತಲೆ ತೂರಲು ನೋಡುತ್ತದೆ. ಚಕ್ರದ ವ್ಯಾಸ ಕನಿಷ್ಠ 20 ಸೆಂಟಿಮೀಟರ್ ಇರಲಿ, ಓಡುವ ಮೈ ಸರಳಿಲ್ಲದ ಸಪಾಟು ಪಟ್ಟಿಯಾಗಿರಲಿ. ಸರಳಿನ ಚಕ್ರದಲ್ಲಿ ಕಾಲು ಸಿಕ್ಕಿ ಮುರಿದುಕೊಂಡವನ್ನು ನೋಡಿದ್ದೇನೆ. ಹ್ಯಾಮ್‌ಸ್ಟರನ್ನು ಒಳಗೆ ಹಾಕಿ ನೆಲದ ಮೇಲೆ ಉರುಳಲು ಬಿಡುವ ಪಾರದರ್ಶಕ ಚೆಂಡು ಸಿಗುತ್ತದೆ. ಅದನ್ನು ಕೊಟ್ಟವರಿಗೆ ವಾಪಸ್ ಕೊಡಿ.

ಆ ಹತ್ತಿಯನ್ನು ಈ ಪತ್ರಿಕೆ ಕೆಳಗಿಟ್ಟ ತಕ್ಷಣ ತೆಗೆದುಬಿಡಿ. ಎಳೆ ಕಾಲಿಗೆ ಸುತ್ತಿಕೊಂಡರೆ ರಕ್ತ ಓಡಾಟ ನಿಲ್ಲುತ್ತದೆ, ನುಂಗಿದರೆ ಕರುಳು ಕಟ್ಟುತ್ತದೆ. ಅಚ್ಚಿಲ್ಲದ ಕಾಗದದ ಚೂರು, ಸುವಾಸನೆ ಬೆರೆಸದ ಟಿಶ್ಯೂ, ಎರಡು ದಿನ ಚೆನ್ನಾಗಿ ಬಿಸಿಲು ಕಂಡ ಒಣಹುಲ್ಲು, ಇವನ್ನು ಬೆರೆಸಿ ಒಂದು ಗೇಣು ದಪ್ಪ ತುಂಬಿ. ಹುಲ್ಲು ಬೆರೆತರೆ ತೋಡಿದ ಸುರಂಗ ಕುಸಿಯುವುದಿಲ್ಲ. ಘಾಟು ವಾಸನೆಯ ಮರದ ಹೊಟ್ಟು ಬೇಡ. ಒಂದು ಮೂಲೆಯಲ್ಲಿ ಅಗಲ ಬಟ್ಟಲಿನ ತುಂಬ ಜರಡಿ ಹಿಡಿದು, ತೊಳೆದು, ಒಣಗಿಸಿದ ಮರಳು. ಅದೇ ಅವನ ಬಚ್ಚಲು, ಎಷ್ಟೋ ಸಲ ಶೌಚಾಲಯವೂ ಅದೇ. ನೀರಿನ ಸ್ನಾನ ಎಂದೂ ಬೇಡ. ವಾರಕ್ಕೊಮ್ಮೆ ಎಲ್ಲವನ್ನೂ ಬಳಿದು ಹಾಕಿ ಫಿನಾಯಿಲ್ ಒರೆಸುವ ಶುಚಿತ್ವವೂ ಬೇಡ. ತನ್ನ ವಾಸನೆ ಅಳಿದುಹೋದ ಮನೆ ಅವನಿಗೆ ಪರರ ಮನೆ. ಒದ್ದೆ ಮೂಲೆಯನ್ನಷ್ಟೇ ತೆಗೆದು, ಹಳೆಯ ಹಾಸನ್ನು ಹೊಸದರ ಜೊತೆ ಬೆರೆಸಿ.

ಊಟದ ವಿಷಯದಲ್ಲಿ ನೀವು ಪುಣ್ಯವಂತರು. ಬೆಂಗಳೂರಿನವರು ಪ್ಯಾಕೆಟ್ಟಿನಲ್ಲಿ ಕೊಳ್ಳುವುದೆಲ್ಲ ನಿಮ್ಮ ಸಂತೆಯಲ್ಲಿ ಸೇರಿನ ಲೆಕ್ಕದಲ್ಲಿ ಸಿಗುತ್ತದೆ. ನವಣೆ, ಸಾವೆ, ಸಜ್ಜೆ, ಒಂದಿಷ್ಟು ಗೋಧಿ, ಓಟ್ಸ್, ಸ್ವಲ್ಪ ಅಗಸೆ ಬೀಜ, ಎಲ್ಲ ಸೇರಿ ದಿನಕ್ಕೆ ಒಂದು ಟೀ ಚಮಚದಷ್ಟು. ಸೂರ್ಯಕಾಂತಿ ಬೀಜ ಎರಡು ಮೂರು ಸಾಕು, ಅದು ಅವನ ಜಿಲೇಬಿ. ಬಯಲಿನಲ್ಲಿ ಹುಳುಹುಪ್ಪಟೆಯನ್ನೂ ತಿನ್ನುವ ಪ್ರಾಣಿ ಇದು. ಹಾಗಾಗಿ ವಾರಕ್ಕೆರಡು ಸಲ ಬೇಯಿಸಿದ ಮೊಟ್ಟೆಯ ಬಿಳಿಭಾಗ ಬಟಾಣಿಯಷ್ಟು. ಮೊಟ್ಟೆ ಒಳಗೆ ಬರುವಂತಿಲ್ಲ ಎನ್ನುವ ಮನೆಯಾದರೆ ಬೆಂದ ಹೆಸರುಕಾಳು. ಸೌತೆಕಾಯಿಯ ತೆಳು ಹೋಳು, ಕೊತ್ತಂಬರಿಯ ಒಂದೆರಡು ಎಲೆ. ಈರುಳ್ಳಿ, ಬೆಳ್ಳುಳ್ಳಿ, ಕಿತ್ತಳೆ, ಚಾಕೊಲೇಟ್ ಬೇಡವೇ ಬೇಡ. ಕ್ಯಾಂಪ್‌ಬೆಲ್ ಜಾತಿಗೂ ಮಿಶ್ರತಳಿಗಳಿಗೂ ಸಕ್ಕರೆ ಕಾಯಿಲೆ ಬೇಗ ಅಂಟುತ್ತದೆ. ಹಾಗಾಗಿ ಬಾಳೆಹಣ್ಣು, ದ್ರಾಕ್ಷಿ, ಬೆಲ್ಲದ ಚೂರು ಯಾವುದೂ ಪ್ರೀತಿಯ ಲೆಕ್ಕಕ್ಕೆ ಬಾರದು. ಇದ್ದಕ್ಕಿದ್ದಂತೆ ನೀರು ಹೆಚ್ಚು ಕುಡಿದು ಹಾಸನ್ನು ಪದೇ ಪದೇ ಒದ್ದೆ ಮಾಡತೊಡಗಿದರೆ ಆ ಅನುಮಾನ ಇರಲಿ. ನಿಮ್ಮೂರಿನ ಖಾರ ಮಂಡಕ್ಕಿಯನ್ನು ಮಗಳು ಅವನಿಗೂ ಹಂಚಿದ್ದಾಳೆಯೇ ಎಂದು ಮೆಲ್ಲಗೆ ವಿಚಾರಿಸಿ.

ಬಟ್ಟಲು ಖಾಲಿಯಾಯಿತೆಂದು ಮತ್ತೆ ಮತ್ತೆ ತುಂಬಬೇಡಿ. ಭುಜದ ಆಚೆಯವರೆಗೂ ಚಾಚುವ ಕೆನ್ನೆಚೀಲದಲ್ಲಿ ಎಲ್ಲವನ್ನೂ ತುರುಕಿಕೊಂಡು ಹೋಗಿ ಹಗೇವಿನಲ್ಲಿ ಇಟ್ಟಿರುತ್ತಾನೆ. ಜರ್ಮನ್ ಭಾಷೆಯಲ್ಲಿ ‘ಹಾಮ್‌ಸ್ಟರ್ನ್’ ಎಂದರೆ ಕೂಡಿಡುವುದು ಎಂದೇ ಅರ್ಥ. ಯುದ್ಧಕಾಲದಲ್ಲಿ ಪಟ್ಟಣದ ಜನ ಹಳ್ಳಿಗಳಿಗೆ ಹೋಗಿ ಆಲೂಗಡ್ಡೆ ಹೊತ್ತು ತರುತ್ತಿದ್ದುದಕ್ಕೂ ಅದೇ ಮಾತು ಬಳಸುತ್ತಿದ್ದರು ಎಂದು ಅಳಿಯ ಹೇಳಿದ. ಅಲ್ಲಿಲ್ಲದ ತೊಂದರೆ ಇಲ್ಲಿರುವುದು ಇರುವೆಯದ್ದು. ಕೂಡಿಟ್ಟ ಕಾಳಿಗೆ ಇರುವೆ ಸಾಲುಗಟ್ಟುತ್ತದೆ. ಔಷಧಿಯ ಸೀಮೆಸುಣ್ಣ ಎಳೆಯಬೇಡಿ. ಪೆಟ್ಟಿಗೆಯನ್ನು ಸಣ್ಣ ಮೇಜಿನ ಮೇಲಿಟ್ಟು ಅದರ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಹಿಂದೆ ಹಾಲು ಮೊಸರಿನ ಕಪಾಟಿಗೆ ಹೀಗೆಯೇ ಮಾಡುತ್ತಿದ್ದುದು ನಿಮ್ಮ ಅತ್ತೆಗೆ ನೆನಪಿರುತ್ತದೆ. ಈ ಕೆಲಸ ಅವರಿಗೇ ಒಪ್ಪಿಸಿ. ನಗುವವರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳುವುದು ಹಳ್ಳಿಯ ಆಸ್ಪತ್ರೆಗಳಲ್ಲಿ ನಾನು ಕಲಿತ ವಿದ್ಯೆ.

ಜೋಡಿ ತರಬೇಡಿ. ಮೊದಲ ವಾರ ಅಪ್ಪಿಕೊಂಡು ಮಲಗಿದ್ದವು ಎಂದು ಫೋಟೊ ಕಳುಹಿಸಿದವರೇ ಎರಡನೇ ತಿಂಗಳಲ್ಲಿ ಕಿವಿ ಹರಿದುಹೋಗಿದೆ ಎಂದು ಬರೆಯುತ್ತಾರೆ. ಅವನಿಗೆ ಬೇಸರ ಎನ್ನುವುದು ನಿಮ್ಮ ಪಕ್ಕದ ಮನೆಯವರ ಮನುಷ್ಯ ಲೆಕ್ಕ.

ಕೊನೆಯದಾಗಿ, ಚಿನ್ನದಂಗಡಿಯಲ್ಲಿರುವಂಥ ಪುಟ್ಟ ಡಿಜಿಟಲ್ ತಕ್ಕಡಿ ಕೊಂಡು ವಾರಕ್ಕೊಮ್ಮೆ ತೂಕ ಬರೆದಿಡಿ. ಬೇಟೆಗೆ ಸಿಗುವ ಪ್ರಾಣಿಗಳು ಕಾಯಿಲೆಯನ್ನು ಬಚ್ಚಿಡುತ್ತವೆ, ತಕ್ಕಡಿ ಬಚ್ಚಿಡುವುದಿಲ್ಲ. 38 ಗ್ರಾಂ ಇದ್ದದ್ದು 33ಕ್ಕೆ ಇಳಿದರೆ ಐದೇ ಗ್ರಾಂ ಅಲ್ಲವೇ ಎನ್ನಬೇಡಿ. ಅರವತ್ತು ಕಿಲೋ ತೂಕದ ಮನುಷ್ಯ ಎಂಟು ಕಿಲೋ ಇಳಿದ ಹಾಗೆ ಅದು. ವೈದ್ಯರಲ್ಲಿಗೆ ಹೋದಾಗ ಒಂದು ಮಾತನ್ನು ಸಂಕೋಚವಿಲ್ಲದೆ ಕೇಳಿ: ‘ಹ್ಯಾಮ್‌ಸ್ಟರ್ ನೋಡಿದ ಅಭ್ಯಾಸ ಇದೆಯೇ?’ ಕೇಳಿ ಎನ್ನುವುದಕ್ಕೆ ಕಾರಣ ನಾನೇ. ಮಲೆನಾಡಿನ ತಾಲ್ಲೂಕು ಆಸ್ಪತ್ರೆಯಲ್ಲಿದ್ದಾಗ ತೋಟದ ಮನೆಯ ಹುಡುಗನೊಬ್ಬ ಗಾಯವಾದ ಹ್ಯಾಮ್‌ಸ್ಟರನ್ನು ಟೊಪ್ಪಿಯಲ್ಲಿ ಇಟ್ಟುಕೊಂಡು ಬಂದಿದ್ದ. ಹಸುವಿಗೆ ಕೊಡುವ ಪೆನಿಸಿಲಿನ್ನನ್ನೇ ತೂಕದ ಲೆಕ್ಕ ಹಾಕಿ ತೀರಾ ಕಡಿಮೆ ಮಾಡಿ ಕೊಟ್ಟೆ. ಲೆಕ್ಕ ಸರಿಯಿತ್ತು, ಔಷಧಿ ತಪ್ಪು. ಆ ಜಾತಿಯ ಔಷಧಿ ಹ್ಯಾಮ್‌ಸ್ಟರ್ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ವಿಷ ಕಾರುವವಕ್ಕೆ ದಾರಿ ಬಿಡುತ್ತದೆ. ಭೇದಿಯಾಗಿ ನಾಲ್ಕನೆಯ ದಿನ ಸತ್ತಿತು. ಗಾಯ ದೊಡ್ಡದಾಗಿತ್ತು ಎಂದು ಹುಡುಗನಿಗೆ ಹೇಳಿದೆ. ಗಾಯ ದೊಡ್ಡದಾಗಿರಲಿಲ್ಲ.

ಪ್ರಶ್ನೆ: ನಮ್ಮ ಡ್ವಾರ್ಫ್ ಹ್ಯಾಮ್‌ಸ್ಟರ್‌ಗಳು ಎರಡೂ ಹೆಣ್ಣು ಎಂದು ಹೇಳಿ ಕೊಟ್ಟಿದ್ದರು. ಮೂರು ವಾರದಲ್ಲಿ ಆರು ಮರಿಗಳಾಗಿವೆ. ಮೈಮೇಲೆ ಕೂದಲೂ ಇಲ್ಲ, ನೋಡಲು ಭಯವಾಗುತ್ತದೆ. ಏನು ಮಾಡುವುದು?
– ಓದುಗರು, ಮೈಸೂರು

ಉತ್ತರ: ಎರಡರಲ್ಲಿ ಒಂದು ಹೆಣ್ಣಾಗಿರುವುದು ಈಗ ಖಚಿತವಾಯಿತು. ಇವುಗಳ ಗರ್ಭ ಮೂರು ವಾರಕ್ಕಿಂತ ಕಡಿಮೆ ಅವಧಿಯದ್ದು, 18ರಿಂದ 20 ದಿನ. ಹೆತ್ತ ದಿನವೇ ಮತ್ತೆ ಗರ್ಭ ಕಟ್ಟಬಲ್ಲದು. ಇಲ್ಲೊಂದು ಸೋಜಿಗ ಹೇಳಲೇಬೇಕು: ಕ್ಯಾಂಪ್‌ಬೆಲ್ ಜಾತಿಯ ಗಂಡು ಹೆರಿಗೆಯ ಹೊತ್ತಿನಲ್ಲಿ ಸೂಲಗಿತ್ತಿಯ ಕೆಲಸ ಮಾಡುತ್ತದೆ. ಮರಿಯನ್ನು ಹೊರಗೆಳೆಯುತ್ತದೆ, ನೆಕ್ಕಿ ಮೂಗು ಬಿಡಿಸುತ್ತದೆ. ಇಷ್ಟು ಒಳ್ಳೆಯ ಗಂಡನನ್ನು ಬೇರೆ ಮಾಡಿ ಎಂದು ಹೇಳಲು ನನಗೂ ಸಂಕಟವೇ. ಆದರೆ ಬೇರೆ ಮಾಡದಿದ್ದರೆ ಮುಂದಿನ ತಿಂಗಳು ನಿಮ್ಮ ಪತ್ರದಲ್ಲಿ ಹನ್ನೆರಡು ಮರಿಗಳಿರುತ್ತವೆ. ಇವತ್ತೇ ಅದಕ್ಕೆ ಇನ್ನೊಂದು ಪೆಟ್ಟಿಗೆ ಮಾಡಿ.

ತಾಯಿಯನ್ನು ಎರಡು ವಾರ ಅದರ ಪಾಡಿಗೆ ಬಿಡಿ. ಗೂಡು ಕೆದಕುವುದು, ಮರಿ ಮುಟ್ಟುವುದು, ನೆಂಟರನ್ನು ಕರೆದು ತೋರಿಸುವುದು, ಯಾವುದೂ ಬೇಡ. ಬೆದರಿದ ತಾಯಿ ಮರಿಗಳನ್ನು ತಿಂದುಬಿಡುವುದುಂಟು. ನೀರು, ಎಂದಿನದಕ್ಕಿಂತ ಹೆಚ್ಚು ಕಾಳು, ಮೊಟ್ಟೆಯ ಬಿಳಿಭಾಗ ಇಟ್ಟು ಕೈ ತೆಗೆಯಿರಿ. ಮೂರು ವಾರ ತುಂಬುತ್ತಿದ್ದಂತೆ ಗಂಡು ಹೆಣ್ಣು ಬೇರ್ಪಡಿಸಬೇಕು. ಈ ಸಲವಾದರೂ ಬಲ್ಲವರಿಂದ ಲಿಂಗ ನೋಡಿಸಿ. ಆರು ಮರಿಗೆ ಆರು ಮನೆ ಹುಡುಕುವ ಕೆಲಸವನ್ನು ಇಂದಿನಿಂದಲೇ ಶುರು ಮಾಡಿ, ಕೇಳಿಕೊಂಡು ಬಂದವರಲ್ಲಿ ಗೂಡಿನ ಫೋಟೊ ಕೇಳಿ.

ಪ್ರಶ್ನೆ: ಹೆಂಡತಿ ನಾಲ್ಕು ತಿಂಗಳ ಗರ್ಭಿಣಿ. ತಮ್ಮನ ಮಗ ರಜೆಗೆ ಬರುವಾಗ ಹ್ಯಾಮ್‌ಸ್ಟರ್ ತರುತ್ತಾನಂತೆ. ಹಾಂಗ್‌ಕಾಂಗ್‌ನಲ್ಲಿ ಇವುಗಳಿಂದ ಕೊರೊನಾ ಹಬ್ಬಿತ್ತಲ್ಲವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಹೌದು, 2022ರ ಜನವರಿಯಲ್ಲಿ ಅಲ್ಲಿನ ಒಂದು ಅಂಗಡಿಯ ಹ್ಯಾಮ್‌ಸ್ಟರ್‌ಗಳಲ್ಲಿ ಕೊರೊನಾ ಕಂಡು, ಸರ್ಕಾರ ಎರಡು ಸಾವಿರದಷ್ಟು ಸಣ್ಣ ಪ್ರಾಣಿಗಳನ್ನು ಕೊಲ್ಲಿಸಿತು. ನಿಮ್ಮ ಮನೆಯ ಚಿಂತೆ ಅದಲ್ಲ. ಇಲಿ ಮತ್ತು ಹ್ಯಾಮ್‌ಸ್ಟರ್‌ಗಳ ಮೂತ್ರ, ಹಿಕ್ಕೆಯಿಂದ ಹರಡುವ ಎಲ್‌ಸಿಎಂವಿ ಎಂಬ ವೈರಸ್ ಒಂದಿದೆ. ಅಪರೂಪವಾದರೂ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಹುಡುಗ ಬರಲಿ, ಹ್ಯಾಮ್‌ಸ್ಟರ್ ಅದರ ಊರಿನಲ್ಲೇ ಇರಲಿ. ಬಂದೇಬಿಟ್ಟರೆ ಬೇರೆ ಕೋಣೆಯಲ್ಲಿಡಿ, ನಿಮ್ಮ ಹೆಂಡತಿ ಅದನ್ನೂ ಅದರ ಹಾಸನ್ನೂ ಮುಟ್ಟುವುದು ಬೇಡ, ಉಳಿದವರು ಮುಟ್ಟಿದಾಗಲೆಲ್ಲ ಸೋಪಿನಿಂದ ಕೈ ತೊಳೆಯಲಿ. ಹೆಂಡತಿಯನ್ನು ನೋಡುತ್ತಿರುವ ವೈದ್ಯರಿಗೂ ಒಂದು ಮಾತು ತಿಳಿಸಿ.

ಪ್ರಶ್ನೆ: ಡಾಕ್ಟರ್ ಅಜ್ಜ, ಹ್ಯಾಮ್‌ಸ್ಟರ್ ಮಲಗಿದೆಯೋ ಸತ್ತುಹೋಗಿದೆಯೋ ಅಂತ ಹೇಗೆ ತಿಳಿಯುವುದು? ನನ್ನದು ಈಗ ಚೆನ್ನಾಗಿದೆ. ಸುಮ್ಮನೆ ಕೇಳುತ್ತಿದ್ದೇನೆ.
– ಐದನೇ ತರಗತಿ, ಸಕಲೇಶಪುರ

ಉತ್ತರ: ಮರಿ, ಇದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ, ನಿಮ್ಮೂರಿನ ಚಳಿಗೆ ತಿಳಿದಿರಲೇಬೇಕಾದದ್ದು. ಮಡಿಕೇರಿಯ ನಮ್ಮ ಮನೆಗೂ ಒಂದು ಹ್ಯಾಮ್‌ಸ್ಟರ್ ಬಂದಿತ್ತು, ಊರು ಬಿಟ್ಟು ಹೋದ ನೆರೆಯವರದು. ಡಿಸೆಂಬರಿನ ಒಂದು ರಾತ್ರಿ ಕಿಟಕಿ ಹಾಕಲು ಮರೆತೆ. ಕಾಳಿನ ಬಟ್ಟಲೂ ಖಾಲಿಯಾಗಿತ್ತು. ಬೆಳಿಗ್ಗೆ ನೋಡಿದರೆ ಉಂಡೆಯಂತೆ ಮುದುಡಿ ಬಿದ್ದಿದೆ, ಮೈ ತಣ್ಣಗೆ, ಉಸಿರಾಟ ಕಾಣುತ್ತಿಲ್ಲ. ಮೂವತ್ತೊಂದು ವರ್ಷ ಸರ್ವೀಸು ಮಾಡಿದವನು ನಾನು. ಸತ್ತಿದೆ ಎಂದು ಹೇಳಿ, ಹಿತ್ತಿಲಿನಲ್ಲಿ ಗುಂಡಿ ತೋಡಿ ಬಂದೆ.

ನನ್ನ ಹೆಂಡತಿ ಅದನ್ನು ಕೈಗೆತ್ತಿಕೊಂಡು, ‘ಸತ್ತದ್ದಾದರೆ ಸೆಟೆದುಕೊಂಡಿರಬೇಕಲ್ಲ, ಇದು ಮೆತ್ತಗಿದೆ’ ಎಂದಳು. ಆಗ ಓದಿದ್ದು ನೆನಪಾಯಿತು. ಚಳಿ, ಹಸಿವು, ಕತ್ತಲೆ ಸೇರಿದಾಗ ಈ ಪ್ರಾಣಿಗಳು ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದ ಹಾಗೆ ಮೈಯ ಕಾವನ್ನು ಇಳಿಸಿಕೊಂಡು ಬಿದ್ದಿರುತ್ತವೆ. ಮೀಸೆಯನ್ನೇ ನೋಡುತ್ತಾ ಕುಳಿತೆ. ಬಹಳ ಹೊತ್ತಿನ ಮೇಲೆ ಒಂದು ಸಲ ಅಲುಗಿತು. ನೀನೂ ಹಾಗೆಯೇ ಮಾಡು: ಮೀಸೆ ನೋಡು, ಮೂಗಿನ ಹತ್ತಿರ ಪುಟ್ಟ ಕನ್ನಡಿ ಹಿಡಿದು ಆವಿ ಕಟ್ಟುತ್ತದೆಯೇ ನೋಡು, ಅಮ್ಮನನ್ನು ಕರೆ. ಬಿಸಿನೀರಿನಲ್ಲಿ ಇಡಬಾರದು, ಒಲೆಯ ಹತ್ತಿರ ಒಯ್ಯಬಾರದು, ಬಾಯಿಗೆ ನೀರು ಹಾಕಬಾರದು. ಬರಿಯ ಅಂಗೈಯ ಬಿಸಿ, ಬೆಚ್ಚಗಿನ ಕೋಣೆ, ಅಷ್ಟೇ. ಎಚ್ಚರವಾದ ಮೇಲೆ ಆಹಾರ ಇಟ್ಟು, ವೈದ್ಯರಿಗೆ ತೋರಿಸಿ.

ನಮ್ಮದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಮೊದಲು ನಡುಗಿತು, ಆಮೇಲೆ ಒಂದು ಕಣ್ಣು ಬಿಟ್ಟಿತು, ಆಮೇಲೆ ಹೆಂಡತಿಯ ಬೆರಳು ಕಚ್ಚಿತು. ಕಚ್ಚಿದ್ದಕ್ಕೆ ಅವಳು ಅಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿರಲಿಲ್ಲ. ತೋಡಿದ ಗುಂಡಿ ದಂಡವಾಗುವುದು ಬೇಡವೆಂದು ಅವತ್ತು ಸಂಜೆ ಅದರಲ್ಲಿ ಕರಿಬೇವಿನ ಸಸಿ ನೆಟ್ಟೆ.